ಮಂಡಿ ಆಪರೇಷನ್‌ಗೆ ಮೂಗಿನ ಟೆಸ್ಟ್ ಯಾಕೆ?

ಮಂಡಿ ನೋವು ಅಂತ ಬಂದವರ ಮೂಗಿಗೆ ನಾನು ಸ್ವಾಬ್ ಕಡ್ಡಿ ಹಿಡಿದರೆ ಹೆಚ್ಚಿನವರು ಕೇಳುವುದು ಒಂದೇ, “ಮತ್ತೆ ಕೊರೊನಾ ಬಂತಾ ಸಿಸ್ಟರ್?” ಇಲ್ಲ, ಇದು ಬೇರೆ. ನಾವು ಹುಡುಕುವುದು ಸ್ಟಾಫ್ (ಸ್ಟೆಫಿಲೊಕಾಕಸ್ ಆರಿಯಸ್) ಎಂಬ ಬ್ಯಾಕ್ಟೀರಿಯಾವನ್ನು. ಅದರಲ್ಲೂ ಮದ್ದಿಗೆ ಬಗ್ಗದ ಎಂಆರ್‌ಎಸ್‌ಎ ತಳಿಯನ್ನು.

ನಾನು ಮಲೆನಾಡಿನ ಒಂದು ಆಸ್ಪತ್ರೆಯಲ್ಲಿ ಸೋಂಕು ನಿಯಂತ್ರಣದ ಕೆಲಸ ನೋಡಿಕೊಳ್ಳುವ ನರ್ಸ್. ಸುಮಾರು ಮೂವರಲ್ಲಿ ಒಬ್ಬರ ಮೂಗಿನಲ್ಲಿ ಸ್ಟಾಫ್ ಸುಮ್ನೆ ವಾಸ ಮಾಡಿಕೊಂಡಿರುತ್ತದೆ. ಅದು ಕಾಯಿಲೆಯಲ್ಲ, ಕೊಳಕೂ ಅಲ್ಲ. ಆದರೆ ಮಂಡಿ ಕೊಯ್ದು ಲೋಹದ ಕೀಲು ಕೂರಿಸುವಾಗ ಕತೆ ಬೇರೆ. ಮೂಗಿನಿಂದ ಕೈಗೆ, ಚರ್ಮಕ್ಕೆ ದಾಟಿ ಗಾಯದೊಳಗೆ ಹೋದ ಬ್ಯಾಕ್ಟೀರಿಯಾ ಆ ಲೋಹಕ್ಕೆ ಅಂಟಿಕೊಂಡು ಮೇಲೆ ಲೋಳೆಯಂಥ ಪದರ ಕಟ್ಟಿಕೊಳ್ಳುತ್ತದೆ. ಆಮೇಲೆ ಆಂಟಿಬಯಾಟಿಕ್ ಒಳಗೆ ಸರಿಯಾಗಿ ಮುಟ್ಟುವುದಿಲ್ಲ. ಕೆಲವರಿಗೆ ಹಾಕಿದ ಕೀಲನ್ನೇ ತೆಗೆಯಬೇಕಾಗುತ್ತದೆ.

ಸ್ವಾಬ್ ತೆಗೆಯುವುದೇನೂ ದೊಡ್ಡದಲ್ಲ. ಕಡ್ಡಿಯ ಹತ್ತಿಯನ್ನು ಸ್ಟೆರೈಲ್ ಸಲೈನ್‌ನಲ್ಲಿ ಒದ್ದೆ ಮಾಡಿ, ಹೊಳ್ಳೆಯ ಮುಂಭಾಗದಲ್ಲಷ್ಟೇ ಇಟ್ಟು, ಗೋಡೆಗೆ ತಾಗಿಸಿ ಐದು ಸಲ ತಿರುಗಿಸುತ್ತೇನೆ. ಅದೇ ಕಡ್ಡಿ ಇನ್ನೊಂದು ಹೊಳ್ಳೆಗೂ. ಕೊರೊನಾ ಟೆಸ್ಟಿನ ಹಾಗೆ ಆಳಕ್ಕೆ ಹೋಗುವುದಿಲ್ಲ, ಕಣ್ಣಲ್ಲಿ ನೀರು ಬರುವುದಿಲ್ಲ. ನಶ್ಯ ಹಾಕುವ ಅಜ್ಜಂದಿರ ಮೂಗಿನಿಂದ ಕಡ್ಡಿ ಕಂದು ಬಣ್ಣಕ್ಕೆ ತಿರುಗಿ ಬರುತ್ತದೆ. ಅವರಿಗೆ ಮೂಗು ಸೀಟಿಕೊಂಡು ಬನ್ನಿ ಅಂತ ಮೊದಲೇ ಹೇಳುತ್ತೇನೆ.

ಲ್ಯಾಬ್‌ನಲ್ಲಿ ಅದನ್ನು ಉಪ್ಪು ಜಾಸ್ತಿ ಇರುವ, ಗುಲಾಬಿ ಬಣ್ಣದ ಮ್ಯಾನಿಟಾಲ್ ಪ್ಲೇಟಿನ ಮೇಲೆ ಬೆಳೆಸುತ್ತಾರೆ. ಸ್ಟಾಫ್ ಇದ್ದರೆ ಪ್ಲೇಟ್ ಹಳದಿಯಾಗುತ್ತದೆ. ಆಮೇಲೆ ಇನ್ನೊಂದು ಪ್ಲೇಟಿನಲ್ಲಿ ಸೆಫಾಕ್ಸಿಟಿನ್ ಎಂಬ ಆಂಟಿಬಯಾಟಿಕ್‌ನ ಬಿಲ್ಲೆ ಇಟ್ಟು, ಸುತ್ತ ಬ್ಯಾಕ್ಟೀರಿಯಾ ಬೆಳೆಯದ ವೃತ್ತವನ್ನು ಅಳೆಯುತ್ತಾರೆ. 21 ಮಿಲಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಬಂದರೆ ಎಂಆರ್‌ಎಸ್‌ಎ. ಇದಕ್ಕೆಲ್ಲ ಎರಡು ಮೂರು ದಿನ ಬೇಕು. ಬ್ಯಾಕ್ಟೀರಿಯಾದ ಜೀನನ್ನೇ ಹುಡುಕುವ ಪಿಸಿಆರ್ ಟೆಸ್ಟಿನಲ್ಲಿ ಒಂದೆರಡು ಗಂಟೆಗೆ ಗೊತ್ತಾಗುತ್ತದೆ, ದುಡ್ಡು ಜಾಸ್ತಿ.

ನಿಜವಾದ ತಲೆನೋವು ದಿನಗಳ ಲೆಕ್ಕ. ರಿಪೋರ್ಟಿಗೆ ಮೂರು ದಿನ, ಚಿಕಿತ್ಸೆಗೆ ಐದು ದಿನ. ಅಡ್ಮಿಟ್ ಆದ ದಿನ ಸ್ವಾಬ್ ತೆಗೆದರೆ ರಿಪೋರ್ಟ್ ಬರುವಷ್ಟರಲ್ಲಿ ಹೊಲಿಗೆ ಹಾಕಿ ಆಗಿರುತ್ತದೆ. ನಮ್ಮಲ್ಲಿಗೆ ಸಾಗರ, ಹೊಸನಗರದ ಕಡೆಯಿಂದ ಬಸ್ಸಿನಲ್ಲಿ ಬರುತ್ತಾರೆ. ಬರೀ ಮೂಗಿನ ಟೆಸ್ಟಿಗೆ ಮತ್ತೊಮ್ಮೆ ಬನ್ನಿ ಅಂದರೆ ಯಾರು ಬರುತ್ತಾರೆ? ಹಾಗಾಗಿ ಡಾಕ್ಟರು ಆಪರೇಷನ್‌ಗೆ ಡೇಟ್ ಕೊಟ್ಟ ದಿನವೇ ರಕ್ತ, ಇಸಿಜಿ ಜೊತೆ ಸ್ವಾಬ್ ಕೂಡ ಆಗಿಬಿಡಬೇಕು ಅಂತ ಹಟ ಹಿಡಿದೆ. ರಿಪೋರ್ಟ್ ಫೋನಿನಲ್ಲಿ ಹೇಳುತ್ತೇವೆ.

ಸ್ಟಾಫ್ ಇದ್ದವರಿಗೆ ಮುಪಿರೋಸಿನ್ ಎಂಬ ಆಂಟಿಬಯಾಟಿಕ್ ಮುಲಾಮು. ಬೆಂಕಿಕಡ್ಡಿ ತಲೆಯಷ್ಟು, ಎರಡೂ ಹೊಳ್ಳೆಗೆ, ದಿನಕ್ಕೆ ಎರಡು ಹೊತ್ತು, ಐದು ದಿನ. ಹಚ್ಚಿದ ಮೇಲೆ ಮೂಗನ್ನು ಮೆಲ್ಲಗೆ ಒತ್ತಿ ಬಿಡಬೇಕು. ಜೊತೆಗೆ ದಿನಾ ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕ ದ್ರವದ ಸ್ನಾನ. ಮೈ ಒದ್ದೆ ಮಾಡಿ, ನೀರು ನಿಲ್ಲಿಸಿ, ಕುತ್ತಿಗೆಯಿಂದ ಕೆಳಗೆ ಕಂಕುಳು, ತೊಡೆಸಂದಿ, ಹೊಕ್ಕುಳು ಬಿಡದೆ ಹಚ್ಚಿ, ಎರಡು ನಿಮಿಷ ಬಿಟ್ಟು ತೊಳೆಯುವುದು. ಕಣ್ಣು ಕಿವಿಗೆ ಹೋಗಬಾರದು. ಮೇಲೆ ಮಾಮೂಲಿ ಸೋಪು ಹಾಕಿದರೆ ಮದ್ದಿನ ಶಕ್ತಿ ಹೋಗುತ್ತದೆ. ಎಣ್ಣೆ, ಪೌಡರ್ ಕೂಡ ಬೇಡ. ಇಲ್ಲೇ ಜಗಳ. “ಕೊಬ್ಬರಿ ಎಣ್ಣೆ ಇಲ್ದೆ ಸ್ನಾನ ಎಂಥದು ಮಗಾ?” ಅಂದರು ಒಬ್ಬ ಅಜ್ಜಿ. ಐದು ದಿನ ತಡಕೊಳ್ಳಿ ಅಜ್ಜಿ ಅಂದೆ. ಅಂಥವರ ಮನೆಯಲ್ಲಿ ಸೊಸೆಗೋ ಮಗಳಿಗೋ ಹೇಳಿದರೆ ಕೆಲಸ ಆಗುತ್ತದೆ. ಕಾಲಿನ ಕೂದಲನ್ನು ಮನೆಯಲ್ಲಿ ಬ್ಲೇಡಿನಿಂದ ತೆಗೆಯಬೇಡಿ ಅಂತಲೂ ಹೇಳುತ್ತೇನೆ. ಅಗತ್ಯ ಬಿದ್ದರೆ ನಾವೇ ಕ್ಲಿಪ್ಪರ್‌ನಲ್ಲಿ ಕತ್ತರಿಸುತ್ತೇವೆ.

ಎಂಆರ್‌ಎಸ್‌ಎ ಆದರೆ ಅರಿವಳಿಕೆ ಡಾಕ್ಟರಿಗೆ ಮೊದಲೇ ತಿಳಿಸಬೇಕು. ಮಾಮೂಲಿ ಆಂಟಿಬಯಾಟಿಕ್ ಸೆಫಜೋಲಿನ್ ಜೊತೆ ವ್ಯಾಂಕೊಮೈಸಿನ್ ಎಂಬ ಇನ್ನೊಂದು ಆಂಟಿಬಯಾಟಿಕ್ ಬೇಕಾಗುತ್ತದೆ. ವ್ಯಾಂಕೊಮೈಸಿನ್ ಅನ್ನು ಗಂಟೆಗೂ ಮೇಲೆ ನಿಧಾನವಾಗಿ ಹನಿಸಬೇಕು. ಬೇಗ ಬಿಟ್ಟರೆ ಮೈ ಕೆಂಪಾಗಿ ತುರಿಕೆ. ಹಾಗಾಗಿ ವಾರ್ಡಿನಲ್ಲೇ ಶುರು ಮಾಡಿ ಓಟಿಗೆ ಕಳಿಸುತ್ತೇವೆ.

“ಟೆಸ್ಟ್ ಯಾಕೆ, ಎಲ್ಲರಿಗೂ ಮುಲಾಮು ಹಚ್ಚಿಬಿಡಿ” ಅನ್ನುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಮುಪಿರೋಸಿನ್‌ಗೂ ಬಗ್ಗದ ಸ್ಟಾಫ್ ಈಗಾಗಲೇ ಇದೆ. 2010ರಲ್ಲಿ ನೆದರ್‌ಲ್ಯಾಂಡ್ಸ್‌ನ ಅಧ್ಯಯನವೊಂದು ಪ್ರಕಟವಾಯಿತು. ಮೂಗಿನಲ್ಲಿ ಸ್ಟಾಫ್ ಇದ್ದವರಿಗೆ ಇದೇ ಮುಲಾಮು, ಇದೇ ಸ್ನಾನ ಮಾಡಿಸಿದಾಗ ಆಸ್ಪತ್ರೆಯಲ್ಲಿ ತಗಲುವ ಸ್ಟಾಫ್ ಸೋಂಕು ಶೇ. 7.7ರಿಂದ 3.4ಕ್ಕೆ ಇಳಿಯಿತು. 2016ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೃದಯ, ಎದೆ ಮತ್ತು ಮೂಳೆ ಆಪರೇಷನ್‌ಗೆ ಬರುವ, ಮೂಗಿನಲ್ಲಿ ಸ್ಟಾಫ್ ಇದೆಯೆಂದು ಗೊತ್ತಾದವರಿಗೆ ಇದನ್ನು ಶಿಫಾರಸು ಮಾಡಿತು. ಹರ್ನಿಯಾಗೆ ಬಂದವರಿಗೆ ನಾವು ಮಾಡುವುದಿಲ್ಲ. ಕರುಳಿನಲ್ಲಿರುವ, ಮದ್ದಿಗೆ ಬಗ್ಗದ ಬ್ಯಾಕ್ಟೀರಿಯಾಗಳನ್ನೂ ಮಂಡಿ ರೋಗಿಗಳಲ್ಲಿ ಹುಡುಕುವುದಿಲ್ಲ. ನಮ್ಮ ದೇಶದಲ್ಲಿ ಅವು ತುಂಬಾ ಜನರಲ್ಲಿವೆ, ಓಡಿಸಲು ಇಂಥ ಮುಲಾಮೂ ಇಲ್ಲ.

ಐದು ದಿನದ ಚಿಕಿತ್ಸೆ ಶಾಶ್ವತವಲ್ಲ, ಸ್ಟಾಫ್ ಮತ್ತೆ ಬಂದು ಕೂರಬಹುದು. ಶುಗರ್ ಜಾಸ್ತಿ ಅಂತ ಆಪರೇಷನ್ ಒಂದು ತಿಂಗಳು ಮುಂದೆ ಹೋದರೆ ಮುಲಾಮು, ಸ್ನಾನ ಎಲ್ಲ ಮೊದಲಿನಿಂದ. ಅದನ್ನು ಫೋನ್ ಮಾಡಿ ಹೇಳಿ ಬೈಸಿಕೊಳ್ಳುವುದೂ ನನ್ನ ಪಾಲಿನ ಕೆಲಸವೇ.