ಎಂಜಿನ್ ದೀಪ ಹತ್ತಿತೆಂದು ಪಾರ್ಟ್ ಅಂಗಡಿಗೆ ಓಡಬೇಡಿ

ಕಲಬುರಗಿಯ ಹುಮನಾಬಾದ್ ರಸ್ತೆಯ ನನ್ನ ಶೆಡ್ಡಿಗೆ ಎಂಜಿನ್ ದೀಪ ಹತ್ತಿದ ಗಾಡಿ ತರುವವರಲ್ಲಿ ಕೆಲವರು ಹೊಸ ಪಾರ್ಟನ್ನೂ ಜೊತೆಗೇ ತರುತ್ತಾರೆ. ಯಾರೋ ಸ್ಕ್ಯಾನರ್ ಹಚ್ಚಿ ‘ಆಕ್ಸಿಜನ್ ಸೆನ್ಸರ್’, ಅಂದರೆ ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಭಾಗ, ಕೆಟ್ಟಿದೆ ಎಂದಿರುತ್ತಾರೆ, ಇವರು ಸಾವಿರಾರು ರೂಪಾಯಿ ಸುರಿದಿರುತ್ತಾರೆ. ಹಾಕಿದ ಮೇಲೂ ದೀಪ ಆರುವುದಿಲ್ಲ. ಸ್ಕ್ಯಾನರ್ ತೋರಿಸುವ ದೋಷದ ಕೋಡ್ ಎಂದರೆ ಠಾಣೆಯಲ್ಲಿ ಬರೆಸಿದ ದೂರಿನಂತೆ: ದೂರು ಕೊಟ್ಟವರ ಹೆಸರು ಅದರಲ್ಲಿ ಇದ್ದೇ ಇರುತ್ತದೆ, ಕಳ್ಳನನ್ನು ನಾವೇ ಹುಡುಕಬೇಕು.

ಮೊದಲು ದೀಪವನ್ನು ನೋಡಿ. ಸ್ಥಿರವಾಗಿ ಉರಿಯುತ್ತಿದ್ದು ಗಾಡಿ ಎಂದಿನಂತೆ ಎಳೆಯುತ್ತಿದ್ದರೆ ನಿಧಾನವಾಗಿ ಮನೆ ಮುಟ್ಟಬಹುದು. ಮಿನುಗುತ್ತಿದ್ದರೆ ಸುಡದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಹಾಳು ಮಾಡುತ್ತಿದೆ ಎಂದರ್ಥ, ಬದಿಗೆ ನಿಲ್ಲಿಸಿ. ಕೆಂಪು ಆಯಿಲ್ ದೀಪ ಹತ್ತಿದರಂತೂ ಎಂಜಿನ್ ಆ ಕ್ಷಣವೇ ಬಂದ್ ಆಗಬೇಕು, ಕೋಡಿನ ಮಾತು ಆಮೇಲೆ.

ಎರಡನೆಯದು ಬ್ಯಾಟರಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಮಲ್ಟಿಮೀಟರ್ ಸುಮಾರು 12.6 ವೋಲ್ಟ್, ಎಂಜಿನ್ ಚಾಲೂ ಇದ್ದಾಗ ಸಾಮಾನ್ಯವಾಗಿ 13.5ರಿಂದ 14.5 ವೋಲ್ಟ್ ತೋರಿಸಬೇಕು. ವೋಲ್ಟೇಜ್ ಕುಸಿದರೆ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಕೋಡುಗಳು ಒಟ್ಟಿಗೆ ಬರುತ್ತವೆ. ಅಂಥ ಗುಂಪು ಕಂಡರೆ ಮೊದಲು ಟರ್ಮಿನಲ್ ಉಜ್ಜಿ, ಅರ್ಥಿಂಗ್ ತಂತಿ ಬಿಗಿ ಮಾಡಿ. ತೊಗರಿ ಚೀಲಗಳ ಗೋದಾಮಿನ ಹತ್ತಿರ ಗಾಡಿ ನಿಲ್ಲಿಸುವವರು ಬಾನೆಟ್ ಎತ್ತಿ ವೈರಿಂಗನ್ನೂ ನೋಡಿ. ಇಲಿ ಕಡಿದ ವೈರು ಯಾವ ಸ್ಕ್ಯಾನರಿಗೂ ಇಲಿಯಾಗಿ ಕಾಣುವುದಿಲ್ಲ, ಸೆನ್ಸರ್ ದೋಷವಾಗಿಯೇ ಕಾಣುತ್ತದೆ.

ಇನ್ನು ಸ್ಕ್ಯಾನರ್. ಡ್ಯಾಶ್‌ಬೋರ್ಡ್ ಕೆಳಗೆ, ಚಾಲಕನ ಮೊಣಕಾಲಿನ ಆಸುಪಾಸಿನಲ್ಲಿ 16 ಪಿನ್ನಿನ ಸಾಕೆಟ್ ಇರುತ್ತದೆ. ಮೊಬೈಲಿಗೆ ಬ್ಲೂಟೂತ್ ಮೂಲಕ ಸೇರುವ ಚಿಕ್ಕ ಅಡಾಪ್ಟರ್ ಎಂಜಿನ್ ಕೋಡುಗಳಿಗೆ ಸಾಕು. ಏರ್‌ಬ್ಯಾಗ್, ಎಬಿಎಸ್ ಬ್ರೇಕಿನ ಕೋಡ್ ಓದಲು ದೊಡ್ಡ ಸ್ಕ್ಯಾನರೇ ಬೇಕು. ಬಂದ ಕೋಡನ್ನು ಕಾಗದದಲ್ಲಿ ಬರೆದುಕೊಳ್ಳಿ. ಫ್ರೀಜ್ ಫ್ರೇಮ್ ಎಂಬ ಪುಟವಿದ್ದರೆ ಅದನ್ನೂ ಬರೆಯಿರಿ. ದೋಷ ದಾಖಲಾದ ಹೊತ್ತಿನ ವೇಗ, ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು), ಎಂಜಿನ್ ತಂಪಾಗಿಸುವ ಕೂಲೆಂಟಿನ ತಾಪ ಅಲ್ಲಿರುತ್ತದೆ. ಅಳಿಸಿದರೆ ಇದೂ ಅಳಿಸಿಹೋಗುತ್ತದೆ. ನೋಡುವ ಮೊದಲೇ ಕೋಡ್ ಅಳಿಸಿ ‘ರಿಪೇರಿ ಆಯಿತು’ ಎನ್ನುವವರ ಬಳಿ ಎರಡನೇ ಸಲ ಹೋಗಬೇಡಿ.

ಪಿ 0302 ಬಂತೆನ್ನಿ. ಪಿ ಅಕ್ಷರ ಎಂಜಿನ್ ಮತ್ತು ಗೇರ್ ವ್ಯವಸ್ಥೆಯದು, 03 ಇಗ್ನಿಷನ್ ಮತ್ತು ಮಿಸ್ಸಿಂಗಿನದು (ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಹೊತ್ತಿಕೊಳ್ಳದಿರುವುದು), ಕೊನೆಯ 2 ಎರಡನೇ ಸಿಲಿಂಡರ್. ಪ್ರತಿ ಪ್ಲಗ್ಗಿಗೂ ಕಿಡಿಯ ಕರೆಂಟ್ ಕೊಡುವ ಬೇರೆ ಕಾಯಿಲ್ ಇರುವ ಗಾಡಿಯಾದರೆ ಒಂದು ರೂಪಾಯಿ ಖರ್ಚಿಲ್ಲದೆ ಪರೀಕ್ಷೆ ಮಾಡಬಹುದು. ಎಂಜಿನ್ ತಣ್ಣಗಾದ ಮೇಲೆ ಎರಡನೇ ಕಾಯಿಲನ್ನು ಮೂರನೆಯದರ ಜಾಗಕ್ಕೆ, ಮೂರನೆಯದನ್ನು ಎರಡನೆಯದಕ್ಕೆ ಹಾಕಿ, ಕೋಡ್ ಅಳಿಸಿ ಓಡಿಸಿ. ಈಗ ಪಿ 0303 ಬಂದರೆ ಕಾಯಿಲೇ ಕೆಟ್ಟಿದೆ. ಮತ್ತೆ 0302 ಬಂದರೆ ಕಾಯಿಲ್ ನಿರಪರಾಧಿ. ಪ್ಲಗ್ಗುಗಳನ್ನು ಅದೇ ರೀತಿ ಅದಲುಬದಲು ಮಾಡಿ. ಆಗಲೂ ಕೋಡ್ ಜಾಗ ಬಿಡದಿದ್ದರೆ ಇಂಜೆಕ್ಟರ್, ವೈರಿಂಗ್, ಕಂಪ್ರೆಷನ್. ಇಲ್ಲಿಂದಾಚೆ ಮಿಸ್ತ್ರಿಯ ಕೆಲಸ.

ಪಿ 0171 ಎಂದರೆ ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ಆಕ್ಸಿಜನ್ ಸೆನ್ಸರ್ ಸುಮ್ಮನೆ ಬೈಸಿಕೊಳ್ಳುವುದು ಇಲ್ಲಿಯೇ. ಬಹುಪಾಲು ಅದು ಕಂಡದ್ದನ್ನು ಹೇಳಿರುತ್ತದೆ, ಅಷ್ಟೇ. ಏರ್ ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪನ್ನು ಬಾಗಿಸಿ ಬಿರುಕು ಹುಡುಕಿ. ನಮ್ಮ ಬೇಸಿಗೆಯಲ್ಲಿ ರಬ್ಬರ್ ಬೇಗ ಗಡುಸಾಗುತ್ತದೆ. ಗಾಳಿ ಅಳೆಯುವ ಮಾಫ್ ಸೆನ್ಸರ್ ಇರುವ ಗಾಡಿಯಾದರೆ ಅದರ ತಂತಿಯ ಮೇಲೆ ಕೂತ ದೂಳೂ ಕಾರಣವಾಗಬಹುದು. ಅದಕ್ಕೆಂದೇ ಸಿಗುವ ಕ್ಲೀನರ್ ಸ್ಪ್ರೇ ಮಾತ್ರ ಬಳಸಿ, ಬಟ್ಟೆ ತಾಗಿಸಬೇಡಿ. ಸೇಡಂ ಕಡೆ ಸಿಮೆಂಟ್ ಲಾರಿಗಳ ಹಿಂದೆ ದಿನವೂ ಓಡುವವರು, ತೊಗರಿ ರಾಶಿಯ ದಿನಗಳಲ್ಲಿ ಹಳ್ಳಿ ತಿರುಗುವವರು ಕೈಪಿಡಿಯ ಕಿಲೋಮೀಟರಿಗೆ ಕಾಯದೆ ಫಿಲ್ಟರ್ ತೆಗೆದು ನೋಡಿ.

ಏಪ್ರಿಲ್, ಮೇ ತಿಂಗಳಲ್ಲಿ ಹೀಟ್ ಆಗುವ ಗಾಡಿಗಳೇ ಹೆಚ್ಚು. ಬಿಸಿ ಇದ್ದಾಗ ರೇಡಿಯೇಟರ್ ಮುಚ್ಚಳ ತೆಗೆಯಬೇಡಿ. ಬೋರ್‌ವೆಲ್ ನೀರು ತುಂಬಿಸಬೇಡಿ. ಸುಣ್ಣದ ಕಲ್ಲಿನ ಸೀಮೆ ಇದು, ಆ ನೀರು ಒಳಗೆ ಗಾರೆಯಂತೆ ಕಟ್ಟುತ್ತದೆ. ಕೂಲೆಂಟ್ ಮಟ್ಟ ಸರಿಯಿದ್ದೂ ಟ್ರಾಫಿಕ್ಕಿನಲ್ಲಿ ಮಾತ್ರ ತಾಪದ ಮುಳ್ಳು ಏರಿ, ಹೆದ್ದಾರಿಯಲ್ಲಿ ಇಳಿಯುತ್ತಿದ್ದರೆ ಫ್ಯಾನ್ ಮೇಲೆ ಅನುಮಾನ. ಎಂಜಿನ್ ಚಾಲೂ ಮಾಡಿ ಎಸಿ ಹಾಕಿ: ಸ್ವಲ್ಪ ಹೊತ್ತಿನಲ್ಲಿ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಫ್ಯೂಸ್ ನೋಡಿ, ಆಮೇಲೆ ಫ್ಯೂಸ್ ಪೆಟ್ಟಿಗೆಯಲ್ಲಿ ಫ್ಯಾನ್ ರಿಲೇಯ (ಕರೆಂಟ್ ಹರಿಸುವ, ನಿಲ್ಲಿಸುವ ಸ್ವಿಚ್ಚಿನಂಥ ಡಬ್ಬಿ) ನಂಬರೇ ಇರುವ ಇನ್ನೊಂದು ರಿಲೇ, ಸಾಮಾನ್ಯವಾಗಿ ಹಾರ್ನಿನದು, ತೆಗೆದು ಫ್ಯಾನ್ ಜಾಗಕ್ಕೆ ಹಾಕಿ. ಫ್ಯಾನ್ ತಿರುಗಿತೋ, ಹೊಸ ರಿಲೇ ತಂದರೆ ಮುಗಿಯಿತು; ಮೋಟಾರ್ ಬಿಚ್ಚುವುದು ಬೇಡ.