ಮನೆಮನೆಯ ಮಳೆ ಅಳೆಯೋಣ: ದೂರದಿಂದಲೇ ಮಕ್ಕಳ ಸಂಶೋಧನೆ

1997ರ ಜುಲೈನಲ್ಲಿ ಅಮೆರಿಕದ ಫೋರ್ಟ್ ಕಾಲಿನ್ಸ್ ನಗರದ ಒಂದು ಬದಿಯಲ್ಲಿ ಪ್ರವಾಹ ತಂದ ಮಳೆ, ಕೆಲವೇ ಕಿಲೋಮೀಟರ್ ಆಚೆ ಸಾಧಾರಣವಾಗಿತ್ತು. ಮರುವರ್ಷ ಅಲ್ಲಿ ಹುಟ್ಟಿದ್ದು ಜನರೇ ಮನೆಯಂಗಳದಲ್ಲಿ ಮಳೆ ಅಳೆಯುವ ‘ಕೊಕೊರಾಸ್’ ಜಾಲ. ದೂರ ದೂರದ ಮನೆಗಳಲ್ಲಿರುವ ಮಕ್ಕಳನ್ನು ಸಂಶೋಧನೆಗೆ ಹಚ್ಚಲು ಮಳೆಯಂಥ ವಿಷಯ ಇನ್ನೊಂದಿಲ್ಲ. ಇಲ್ಲಿ ದೂರವೇ ಅನುಕೂಲ.

ಮೊದಲು ಮಾಪಕ. ನೇರ ಮೈಯ 1 ಲೀಟರ್ ಬಾಟಲಿಯನ್ನು ಕುತ್ತಿಗೆ ಕಿರಿದಾಗತೊಡಗುವಲ್ಲಿ ಕತ್ತರಿಸಿ (ಇದು ದೊಡ್ಡವರ ಕೆಲಸ), ಮುಚ್ಚಳ ತೆಗೆದ ಮೇಲ್ಭಾಗವನ್ನು ಆಲಿಕೆಯಂತೆ ತಲೆಕೆಳಗಾಗಿ ಕೂರಿಸಿ. ಗಾಳಿಗೆ ಬೀಳದಂತೆ ತಳಕ್ಕೆ ಬೆಣಚುಕಲ್ಲು ಹಾಕಿ. ತಳದ ಉಬ್ಬುತಗ್ಗು, ಕಲ್ಲು ಎರಡೂ ಮುಳುಗುವಷ್ಟು ನೀರು ಸುರಿದು, ಆ ಮಟ್ಟಕ್ಕೆ ಸೊನ್ನೆ ಗುರುತು ಮಾಡಿ ಮೇಲೆ ಮಿಲಿಮೀಟರ್ ಪಟ್ಟಿ ಅಂಟಿಸಿ. ನಡು ಸಣ್ಣಗಿರುವ ಬಾಟಲಿ ಬೇಡ, ಅಳತೆ ತಪ್ಪುತ್ತದೆ.

ವಿಡಿಯೊ ಕರೆಯಲ್ಲೇ ಎಲ್ಲರೂ ಪರೀಕ್ಷಿಸಲಿ: ಬಾಯಿಯ ಅಗಲ 8 ಸೆಂ.ಮೀ. ಇದ್ದರೆ 50 ಮಿ.ಲೀ. ನೀರಿಗೆ ಮಟ್ಟ 10 ಮಿ.ಮೀ. ಏರಬೇಕು. ದೊಡ್ಡ ಬಾಟಲಿಯವರಿಗೆ ಹೆಚ್ಚು ಮಳೆ ಸಿಗುವುದಿಲ್ಲವೇ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಉತ್ತರ ಹೇಳಿಬಿಡಬೇಡಿ, ಎರಡು ಅಳತೆಯ ಡಬ್ಬಿಗಳನ್ನು ಮಳೆಯಲ್ಲಿಡಲು ಹೇಳಿ.

ಮರ, ಗೋಡೆ ಎಷ್ಟು ಎತ್ತರವೋ ಅದರ ಎರಡರಷ್ಟು ದೂರದಲ್ಲಿ ಮಾಪಕವಿರಲಿ. ಬಾಲ್ಕನಿ ಆಗದು.

ಎಲ್ಲರೂ ಬೆಳಿಗ್ಗೆ 8ಕ್ಕೇ ನೋಡಬೇಕು, ಕಣ್ಣು ನೀರಿನ ಮಟ್ಟಕ್ಕೆ ಸಮನಾಗಿ. ಫೋಟೊ ತೆಗೆದ ಮೇಲೆ ಹೆಚ್ಚಿನ ನೀರು ಚೆಲ್ಲಿ ಸೊನ್ನೆಗೆ ತರಬೇಕು. ಮಳೆಯಿಲ್ಲದ ದಿನ ನೀರು ಆವಿಯಾಗಿ ಇಳಿದಿರುತ್ತದೆ, ಆಗ ಸೊನ್ನೆಯವರೆಗೆ ತುಂಬಿಸಬೇಕು. ಹಂಚಿಕೊಂಡ ಪಟ್ಟಿಯಲ್ಲಿ ದಿನಾಂಕ, ಸಮಯ, ಮಿ.ಮೀ., ಟಿಪ್ಪಣಿ ಸಾಕು. ಹೆಸರು, ವಿಳಾಸದ ಬದಲು ಸಂಕೇತಾಕ್ಷರ ಬಳಸಿ. ಹೆಚ್ಚಿನ ಗುಂಪುಗಳು ಎಡವುವುದು ಇಲ್ಲಿ: ಮಳೆ ಬಾರದ ದಿನ ಮಕ್ಕಳು ಏನೂ ಬರೆಯುವುದಿಲ್ಲ. ಖಾಲಿ ಎಂದರೆ ‘ನೋಡಲಿಲ್ಲ’, 0 ಎಂದರೆ ‘ನೋಡಿದೆ, ಮಳೆಯಿಲ್ಲ’. ಇವೆರಡು ಬೆರೆತರೆ ತಿಂಗಳ ಸರಾಸರಿ ಕೆಟ್ಟಂತೆಯೇ.

ವಾರಕ್ಕೊಮ್ಮೆ ಅರ್ಧ ಗಂಟೆ ಸೇರಿ, ಒಂದೇ ನಕ್ಷೆ ಮುಂದಿಡಿ. ತಮ್ಮ ಅಂಕಿ ಎಲ್ಲಿ ಹೋಯಿತೆಂದು ಕಾಣದ ಮಕ್ಕಳು ಬೇಗ ಕೈಬಿಡುತ್ತಾರೆ. ಉಳಿದವುಗಳಿಗಿಂತ ತೀರಾ ಬೇರೆಯಾದ ಅಂಕಿಯನ್ನು ಅಳಿಸದೆ ಫೋಟೊದೊಂದಿಗೆ ಹೋಲಿಸಿ. ಅಕ್ಕಪಕ್ಕದ ಮನೆಗಳಲ್ಲಿ ಪದೇ ಪದೇ ವ್ಯತ್ಯಾಸ ಬಂದರೆ, ಎರಡೂ ಮಾಪಕಗಳನ್ನು ಒಂದು ವಾರ ಒಂದೇ ಅಂಗಳದಲ್ಲಿಡಿ. ಆಗಲೂ ವ್ಯತ್ಯಾಸ ಉಳಿದರೆ ದೋಷ ಬಾಟಲಿಯದು. ಇಲ್ಲವಾದರೆ ಜಾಗವನ್ನು ನೋಡಿಬರಲು ಮಕ್ಕಳನ್ನೇ ಕಳಿಸಿ.