ಬ್ಲೂ ಕೊಚ್ಚಿನ್ ಬ್ಯಾಂಟಮ್: ಕರಿ ಹೇಂಟೆಯಿಂದ ಬಣ್ಣ ತೆಗೆದ ನನ್ನ ಅನುಭವ

ಕೊಚ್ಚಿನ್ ಬ್ಯಾಂಟಮ್ ಎಂದರೆ ಕಾಲಿಗೂ ಗರಿ ಇರುವ ಪುಟ್ಟ ಅಲಂಕಾರದ ಕೋಳಿ. ಅದರಲ್ಲಿ ಬ್ಲೂ, ಅಂದರೆ ಸ್ಲೇಟು ನೀಲಿ, ಬೇಕಾದರೆ ಸ್ಪ್ಲಾಶ್ (ಬಿಳಿ ಮೈಮೇಲೆ ನೀಲಿ ಚುಕ್ಕಿಯ) ಹುಂಜ ತಂದು ಕರಿ ಹೇಂಟೆಗೆ ಬಿಡಿ, ಮರಿಯೆಲ್ಲ ಬ್ಲೂ ಬರುತ್ತವೆ ಎಂದು ಹಕ್ಕಿ ಸಾಕುವ ಹತ್ತು ಜನರಲ್ಲಿ ಎಂಟು ಜನ ಹೇಳಿದ್ದರು. ಲೆಕ್ಕವೇನೋ ಸರಿ, ಆದರೆ ಅದು ಮರಿ ಎಣಿಸುವ ಲೆಕ್ಕ. ಗರಿಯ ಸುತ್ತ ಕಟ್ಟುವ ಕಡುಬಣ್ಣದ ಅಂಚಿನ ಲೆಕ್ಕ ಬೇರೆಯೇ ಇದೆ. ಈಗ ನನ್ನ ಗೂಡಿನಲ್ಲಿ ಎದೆಯಿಂದ ತೊಡೆಯವರೆಗೆ ಗರಿಗರಿಗೂ ಕಡುನೀಲಿ ಅಂಚು ಕಟ್ಟಿದ ಹೇಂಟೆಗಳಿವೆ. ಅವು ಹುಟ್ಟಿದ್ದು, ಬೇರೆಯವರು ಸಾರು ಮಾಡಲು ಕಳಿಸುವಂಥ ಕರಿ ಹೇಂಟೆಗಳಿಂದ.

ಯಾವ ಬ್ಲೂ ಬೇಕು ಎನ್ನುವುದು ಮೊದಲೇ ತೀರ್ಮಾನವಾಗಬೇಕು. ಅಮೆರಿಕದ ಸ್ಟ್ಯಾಂಡರ್ಡ್‌ನಲ್ಲಿ, ಅಂದರೆ ಪ್ರದರ್ಶನಕ್ಕೆ ತಳಿ ಹೇಗಿರಬೇಕೆಂದು ಹೇಳುವ ನಿಯಮದಲ್ಲಿ, ಅಂಚು ಇರಲೇಬೇಕು. ಬ್ರಿಟನ್ನಿನಲ್ಲಿ ಪೀಕಿನ್ ಎಂದು ಕರೆಯುವ, ಹೆಚ್ಚುಕಡಿಮೆ ಇದೇ ಹಕ್ಕಿಗೆ ಅಂಚಿಲ್ಲದ ಪಾರಿವಾಳದ ನೀಲಿ ಬೇಕು. ಎರಡೂ ಕಡೆಯ ರಕ್ತ ಬೆರೆಸಿದರೆ ಅಂಚು ಅತ್ತಲೂ ಇಲ್ಲ ಇತ್ತಲೂ ಇಲ್ಲ. ನನ್ನ ದಾರಿ ಅಂಚಿನದ್ದು.

ಬ್ಲೂಗೆ ಬ್ಲೂ ಹಾಕಿದರೆ ಕಾಲು ಕರಿ, ಅರ್ಧ ಬ್ಲೂ, ಕಾಲು ಸ್ಪ್ಲಾಶ್ ಎನ್ನುವುದು ನಿಮಗೆಲ್ಲ ಗೊತ್ತಿದ್ದದ್ದೇ. ಅದನ್ನೇ ಮುಂದುವರಿಸಿದಾಗ ಮೂರನೇ ಪೀಳಿಗೆಗೆ ಬಣ್ಣ ಬೂದಿಗೆ ತಿರುಗಿತು, ಅಂಚು ಎದೆಯ ಮೇಲಷ್ಟೇ ಉಳಿಯಿತು, ಹುಂಜಗಳ ಕತ್ತಿನ ಗರಿ ಹುಲ್ಲಿನ ಬಣ್ಣಕ್ಕೆ ಹೋಯಿತು. ಅಂಚು ಖಚಿತವಾಗಿ ಕಾಣುವುದು ದೊಡ್ಡ ಗರಿ ಬಂದ ಮೇಲೆ, ಅಂದರೆ ಆರು ತಿಂಗಳಿಗೆ. ಅಲ್ಲಿಯವರೆಗೆ ಒಂದೂ ಮರಿ ಮಾರುವ ಹಾಗಿಲ್ಲ. ನಲವತ್ತು ಹಕ್ಕಿಗೆ ದಿನಕ್ಕೆ ಎರಡರಿಂದ ಎರಡೂವರೆ ಕಿಲೋ ಮೇವು, ತಿಂಗಳಿಗೆ ಸುಮಾರು 2,500 ರೂಪಾಯಿ. ಕೊನೆಗೆ ಕೈಗೆ ಬಂದದ್ದು ಎರಡು ಮೂರು ಹಕ್ಕಿ.

ಸ್ಪ್ಲಾಶ್ ದಾರಿಯಲ್ಲಿ ತೊಡಕು ಬೇರೆ. ಸ್ಪ್ಲಾಶ್ ಮೈಮೇಲೆ ಅಂಚು ಕಾಣುವುದಿಲ್ಲ, ಕರಿಯಲ್ಲೂ ಕಾಣುವುದಿಲ್ಲ. ಅಪ್ಪ ಅಮ್ಮ ಇಬ್ಬರೂ ಗುಟ್ಟು ಬಿಟ್ಟುಕೊಡದವರು. ಮರಿ ಬ್ಲೂ ಆಗುವುದು ನಿಜ, ಅಂಚು ಮಾತ್ರ ಅದೃಷ್ಟಕ್ಕೆ ಬಿಟ್ಟದ್ದು.

ಗೆದ್ದ ದಾರಿ ಇದು. ಕಡು ಬಣ್ಣದ, ಅಂಚು ತುಂಬಿದ ಬ್ಲೂ ಹುಂಜ; ಅದಕ್ಕೆ ಕರಿ ಹೇಂಟೆ. ಆ ಕರಿ ಹೇಂಟೆಯನ್ನು ಆರಿಸುವುದು ಅದರ ಮೈ ನೋಡಿ ಅಲ್ಲ, ಅದೇ ಜೋಡಿಗೆ ಹುಟ್ಟಿದ ಬ್ಲೂ ಅಕ್ಕತಂಗಿಯರನ್ನು ನೋಡಿ. ಒಂದು ಜೋಡಿಯ ಬ್ಲೂ ಹೆಣ್ಣುಮರಿಗಳಲ್ಲಿ ಮುಕ್ಕಾಲು ಪಾಲಿಗೆ ತೊಡೆಯವರೆಗೆ ಅಂಚು ಇಳಿದಿದ್ದರೆ ಮಾತ್ರ ಆ ಜೋಡಿಯ ಕರಿ ಹೇಂಟೆ ಉಳಿಯುತ್ತದೆ. ಇದಕ್ಕಾಗಿ ಹಿಂಡಿನಲ್ಲಿ ಬಿಡದೆ ಜೋಡಿ ಜೋಡಿಯಾಗಿಯೇ ಕೂಡಿಸಬೇಕು, ಮೊಟ್ಟೆಯ ಮೇಲೆ ಪೆನ್ಸಿಲ್ಲಿನಲ್ಲಿ ಜೋಡಿಯ ನಂಬರು ಬರೆಯಬೇಕು, ಮರಿ ಒಣಗಿದ ಕೂಡಲೇ ಗುರುತಿಗೆ ಕಾಲ್ಬೆರಳ ನಡುವಿನ ಚರ್ಮಕ್ಕೆ ಟೋ ಪಂಚ್ (ಸಣ್ಣ ತೂತು) ಹೊಡೆಯಬೇಕು. ಹುಂಜ ಬದಲಿಸಿದರೆ ಆಮೇಲಿನ ಮೂರು ವಾರ ಇಟ್ಟ ಮೊಟ್ಟೆ ಕಾವಿಗೆ ಇಡಬೇಡಿ, ಹಳೆ ಹುಂಜದ ಮರಿ ಬಂದು ದಾಖಲೆಯೆಲ್ಲ ಕೆಡುತ್ತದೆ. ಎರಡು ವಂಶ ಬೇರೆಬೇರೆ ಇಟ್ಟು, ಒಂದರ ಹುಂಜ ಇನ್ನೊಂದರ ಹೇಂಟೆಗೆ. ಹೀಗೆ ಎರಡು ಪೀಳಿಗೆ ಕರಿ ಹಾಕಿದ ಮೇಲೆ ಒಮ್ಮೆ ಬ್ಲೂಗೆ ಬ್ಲೂ. ಇಲ್ಲದಿದ್ದರೆ ಗರಿಯ ಒಳಗಿನ ನೀಲಿ ಕಪ್ಪಾಗುತ್ತ ಹೋಗಿ ಅಂಚು ಅದರಲ್ಲೇ ಮುಳುಗುತ್ತದೆ. ಮೂಲದ ಎರಡು ವಂಶ ಎಲ್ಲಿಯವು ಎನ್ನುವುದು ನನ್ನಲ್ಲೇ ಇರಲಿ.

ಆರಿಸುವಾಗ ಎದೆಯಿಂದ ಒಂದು, ತೊಡೆಯಿಂದ ಒಂದು ಗರಿ ಕಿತ್ತು ಬಿಳಿ ಕಾಗದದ ಮೇಲೆ ಇಟ್ಟು ನೆರಳಿನಲ್ಲಿ ನೋಡಿ. ಒಳಗಿನ ನೀಲಿ ಒಂದೇ ಸಮ ಇರಬೇಕು, ಕರಿ ಚುಕ್ಕಿ ಇರಕೂಡದು. ಅಂಚು ತುದಿಯಲ್ಲಿ ದಪ್ಪವಾಗಿ, ಎರಡೂ ಬದಿಗೆ ಸಣ್ಣಗಾಗುತ್ತ ಎಲ್ಲೂ ಕಡಿಯದೆ ಬರಬೇಕು. ಬುಡದ ತುಪ್ಪಳವೂ ಸ್ಲೇಟಿನ ಬಣ್ಣವೇ ಇರಬೇಕು. ಅಲ್ಲಿ ಬಿಳಿ ಕಂಡರೆ ಮುಂದಿನ ಪೀಳಿಗೆಯ ರೆಕ್ಕೆಯಲ್ಲಿ ಬಿಳಿ ಬರುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಕರಿ ಮರಿಗಳ ಮೊದಲ ರೆಕ್ಕೆಯ ಬಿಳಿಗೆ ಮಾತ್ರ ಹೆದರಬೇಡಿ, ಗರಿ ಬದಲಾದಾಗ ಸಾಮಾನ್ಯವಾಗಿ ಹೋಗುತ್ತದೆ. ಕಾಲು ಕಪ್ಪಗಿದ್ದರೂ ಅಂಗಾಲು ಹಳದಿ ಇರಬೇಕು. ಬಿಳಿ ಅಂಗಾಲಿನದ್ದು ಬೆರಕೆ.

ಕತ್ತಿನ ಕೆಂಪು ಬಲು ಕಾಟದ್ದು. ಹೇಂಟೆಯಲ್ಲಿ ಅಡಗಿ ಕೂತು ಗಂಡುಮಕ್ಕಳಲ್ಲಿ ಹೊರಬರುತ್ತದೆ. ಹಾಗಾಗಿ ಹುಂಜಮರಿಗಳನ್ನು ಏಳೆಂಟು ತಿಂಗಳು ಸಾಕಿ ಅವುಗಳ ಕತ್ತು, ಬೆನ್ನು ನೋಡಿದ ಮೇಲೆಯೇ ತಾಯಿಯ ಭವಿಷ್ಯ. ಮೈಕಟ್ಟು ದುಂಡಗಾಗಲೆಂದು ಒಮ್ಮೆ ಬಫ್ (ಹೊಂಬಣ್ಣದ) ಹೇಂಟೆ ಸೇರಿಸಿ ನೋಡಿದೆ. ಮೈ ಅದ್ಭುತವಾಗಿ ಬಂತು, ಜೊತೆಗೆ ಬಂದ ಕೆಂಪು ಮೂರು ಪೀಳಿಗೆ ಬಿಡಲಿಲ್ಲ. ಲ್ಯಾವೆಂಡರ್ (ತಿಳಿ ಬೂದುನೀಲಿಯ ಬೇರೆಯೇ ಬಣ್ಣದ) ಹುಂಜವನ್ನು ಬ್ಲೂ ಎಂದು ಮಾರುವವರೂ ಇದ್ದಾರೆ. ಕರಿ ಹೇಂಟೆಗೆ ಹಾಕಿ ನೋಡಿ: ಮರಿಯೆಲ್ಲ ಕಪ್ಪೇ ಬಂದರೆ ಅದು ಲ್ಯಾವೆಂಡರ್; ಬ್ಲೂ ಅಲ್ಲ, ಸ್ಪ್ಲಾಶ್ ಕೂಡ ಅಲ್ಲ.

ಕರಾವಳಿಯ ಮಳೆಯಲ್ಲಿ ಕಾಲ್ಗರಿ ಉಳಿಸುವುದೇ ಸಾಹಸ. ಅಕ್ಟೋಬರ್, ನವೆಂಬರಿನಲ್ಲಿ ಮೊಟ್ಟೆ ಇಟ್ಟರೆ ಮೇ ಹೊತ್ತಿಗೆ ಹಕ್ಕಿ ತಯಾರು. ನೆಲಕ್ಕೆ ಭತ್ತದ ಹೊಟ್ಟು ಮೂರ್ನಾಲ್ಕು ಇಂಚು, ಒದ್ದೆಯಾದ ದಿನವೇ ಬದಲಿಸಬೇಕು. ಮುರಕಲ್ಲಿನ ಕೆಂಪು ಮಣ್ಣು ತಾಗಿದ ಕಾಲ್ಗರಿ ಎಷ್ಟು ತೊಳೆದರೂ ಶುಭ್ರವಾಗುವುದಿಲ್ಲ. ಬೇಸಿಗೆಯಲ್ಲಿ ಶೇಡ್ ನೆಟ್ ಕಡ್ಡಾಯ, ಬಿಸಿಲು ಬ್ಲೂವನ್ನು ತುಕ್ಕಿನ ಬಣ್ಣಕ್ಕೆ ತಿರುಗಿಸುತ್ತದೆ. ಕೂಡಿಸುವ ಮೊದಲು ಎರಡಕ್ಕೂ ಗುದದ ಸುತ್ತಲಿನ ತುಪ್ಪಳ ಕತ್ತರಿಸಿ. ಅರ್ಧಕ್ಕರ್ಧ ಹುಸಿಯಾಗುತ್ತಿದ್ದ ಮೊಟ್ಟೆ ಅಷ್ಟರಿಂದಲೇ ನೂರಕ್ಕೆ ಎಂಬತ್ತರ ಹತ್ತಿರ ಫಲ ಕೊಟ್ಟಿತು. ಕೊಕ್ಕರೆ ರೋಗ, ಸಿಡುಬಿನ ಲಸಿಕೆ ಬಗ್ಗೆ ಇಲ್ಲಿ ಹೇಳಬೇಕಿಲ್ಲ. ಪ್ರದರ್ಶನಕ್ಕೆ ಮೂರು ದಿನ ಮೊದಲು ಬೇಬಿ ಶಾಂಪೂವಿನಲ್ಲಿ ತೊಳೆದು, ಮೂರು ಬಕೆಟ್ ನೀರಿನಲ್ಲಿ ಜಾಲಿಸುತ್ತೇನೆ. ಕೊನೆಯ ಬಕೆಟ್ಟಿಗೆ ಏನು ಹಾಕುತ್ತೇನೆ ಎಂದು ತುಂಬ ಜನ ಕೇಳಿದ್ದಾರೆ, ಅದನ್ನು ಹೇಳುವುದಿಲ್ಲ.

ಅಂಚು ಚೆನ್ನಾಗಿರುವ ಬ್ಲೂ ಜೋಡಿಗೆ ಈಗ ಐದಾರು ಸಾವಿರ ಸಿಗುತ್ತದೆ; ಅಂಚಿಲ್ಲದ್ದಕ್ಕೆ ಅದರ ಅರ್ಧವೂ ಇಲ್ಲ. ಕರಿ ಹೇಂಟೆಯನ್ನು ಮುನ್ನೂರು, ನಾನೂರಕ್ಕೆ ಕೇಳುತ್ತಿದ್ದವರೇ ಈಗ ಸಾವಿರ ಹಿಡಿದು ಬರುತ್ತಾರೆ. ಅವರಿಗೆ ಸಿಗುವುದು ಎರಡನೇ ಸಾಲಿನದ್ದು. ಒಳ್ಳೆ ಬ್ಲೂಗಳ ಕರಿ ಅಕ್ಕತಂಗಿಯರು ಮಾರಾಟಕ್ಕಿಲ್ಲ.